ಮೂರು ಕಿಲೋವ್ಯಾಟಿನ ಮನೆ ಸೌರ ಘಟಕ: ವಿಜಯಪುರದಲ್ಲಿ ಒಂದು ವರ್ಷ, ಮತ್ತು ಸಹಾಯಧನದ ಲೆಕ್ಕ

ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲೆ 2025ರ ಏಪ್ರಿಲ್‌ನಲ್ಲಿ ಕೂರಿಸಿದ ಸೌರ ವಿದ್ಯುತ್ ಘಟಕಕ್ಕೆ ವರ್ಷ ತುಂಬಿದೆ. 540 ವ್ಯಾಟಿನ ಆರು ಪ್ಯಾನೆಲ್, ಪ್ಯಾನೆಲ್ ಕೊಡುವ ಕರೆಂಟನ್ನು ಮನೆಗೆ ಹೊಂದುವಂತೆ ಮಾರ್ಪಡಿಸುವ ಮೂರು ಕಿಲೋವ್ಯಾಟಿನ ಇನ್ವರ್ಟರ್, ಆಳೆತ್ತರದ ಕಬ್ಬಿಣದ ಚೌಕಟ್ಟು, ಒಳಬರುವ ಮತ್ತು ಹೊರಹೋಗುವ ಕರೆಂಟನ್ನು ಬೇರೆ ಬೇರೆಯಾಗಿ ಅಳೆಯುವ ನೆಟ್ ಮೀಟರ್, ಅರ್ಥಿಂಗ್, ಸಿಡಿಲು ನಿರೋಧಕ ಎಲ್ಲ ಸೇರಿ 1,95,000 ರೂಪಾಯಿ ಆಯಿತು. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನವೆಂದು 78,000 ರೂಪಾಯಿ ಬ್ಯಾಂಕ್ ಖಾತೆಗೆ ಮರಳಿ ಬಂದುದರಿಂದ ಕೈಯಿಂದ ಹೋದದ್ದು 1,17,000 ರೂಪಾಯಿ. ಸಾರ್ವಜನಿಕರ ಇಷ್ಟು ಹಣ ನಮ್ಮ ಮಾಳಿಗೆಯ ಮೇಲೆ ಕುಳಿತಿರುವಾಗ ಘಟಕದ ಗುಣದೋಷಗಳನ್ನಷ್ಟೇ ಬರೆದು ಸುಮ್ಮನಾಗುವುದು ಸರಿಯೆನಿಸಲಿಲ್ಲ. ಆ ಹಣವನ್ನು ನನಗೆ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆಯನ್ನೂ ಈ ವಿಮರ್ಶೆಯಲ್ಲಿ ಎತ್ತಿಕೊಂಡಿದ್ದೇನೆ.

ಮೊದಲು ಉತ್ಪಾದನೆ. ವರ್ಷದಲ್ಲಿ ಒಟ್ಟು ಸುಮಾರು 4,300 ಯೂನಿಟ್ ಬಂದಿದೆ, ಎಂದರೆ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ಬಿಸಿಲೇ ಬೆಳೆ ಎನ್ನುವಂಥ ನಮ್ಮ ಊರಿನಲ್ಲಿ ಮೇ ತಿಂಗಳು ಎಲ್ಲಕ್ಕಿಂತ ಹೆಚ್ಚು ಕೊಡುತ್ತದೆಂದು ನಾನು ಎಣಿಸಿದ್ದೆ. ಆದರೆ ಅತಿ ಹೆಚ್ಚು ಬಂದದ್ದು ಮಾರ್ಚ್‌ನಲ್ಲಿ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕೇ ಹೊರತು ಶಾಖವಲ್ಲ. 25 ಡಿಗ್ರಿಗಿಂತ ಮೇಲೇರುವ ಪ್ರತಿಯೊಂದು ಡಿಗ್ರಿಗೆ ಅದರ ಶಕ್ತಿ ಶೇಕಡಾ 0.3ರಿಂದ 0.4ರಷ್ಟು ಕುಗ್ಗುತ್ತದೆ, ಹೊರಗೆ 41 ಡಿಗ್ರಿ ಇದ್ದಾಗ ಗಾಜಿನಡಿಯಲ್ಲಿ ಕರೆಂಟು ಹುಟ್ಟಿಸುವ ಬಿಲ್ಲೆಗಳ ಉಷ್ಣತೆ 60 ಡಿಗ್ರಿಯನ್ನು ದಾಟುತ್ತದೆ. ಹೀಗಾಗಿ ಕಡುಬೇಸಿಗೆಯ ಮಧ್ಯಾಹ್ನದಲ್ಲಿ ಇನ್ವರ್ಟರಿನ ಪರದೆಯ ಮೇಲೆ ಕಾಣುವ ಅಂಕಿ, ಹೋಳಿ ಹುಣ್ಣಿಮೆಯ ಆಸುಪಾಸಿನ ದಿನಗಳ ಅಂಕಿಗಿಂತ ಕಡಿಮೆಯೇ ಇರುತ್ತದೆ. ಮಳೆಗಾಲದಲ್ಲಿ ನಮಗೆ ಅಂಥ ನಷ್ಟವಿಲ್ಲ, ಏಕೆಂದರೆ ನಮ್ಮಲ್ಲಿ ಮೋಡ ಬರುತ್ತದೆ, ಹೋಗುತ್ತದೆ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಷಡ್ಡಕರ ಮನೆಯ ಇಷ್ಟೇ ದೊಡ್ಡ ಘಟಕ ಜುಲೈ ತಿಂಗಳಲ್ಲಿ ವಾರಗಟ್ಟಲೆ ಮಂಕಾಗಿರುತ್ತದೆ. ಒಂದೇ ದರಪಟ್ಟಿಯನ್ನು ಹಿಡಿದು ಎರಡೂ ಊರುಗಳಲ್ಲಿ ಒಂದೇ ಉತ್ಪಾದನೆಯ ಭರವಸೆ ಕೊಡುವ ಮಾರಾಟಗಾರರ ಮಾತನ್ನು ಈ ಕಾರಣಕ್ಕೆ ನಂಬಬಾರದು.

ನಮ್ಮ ಕಡೆಯ ನಿಜವಾದ ಶತ್ರು ಧೂಳು. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಎರೆಮಣ್ಣಿನ ಸಣ್ಣ ಪುಡಿ ಗಾಜಿನ ಮೇಲೆ ಪದರುಗಟ್ಟುತ್ತದೆ, ಹತ್ತು ದಿನ ಒರೆಸದಿದ್ದರೆ ಇಳಿಕೆ ಕಣ್ಣಿಗೇ ಕಾಣುತ್ತದೆ. ಒರೆಸುವುದಕ್ಕೆ ಕೊಳವೆಬಾವಿಯ ನೀರು ಬಳಸಿದೆವೋ, ಅದು ಆರಿದ ಮೇಲೆ ಬಿಳಿಯ ಸುಣ್ಣದ ಕಲೆ ಉಳಿದು ಮೊದಲಿನ ಧೂಳೇ ವಾಸಿ ಎನಿಸುತ್ತದೆ. ಈಗ ನಳದ ನೀರನ್ನು ಬೆಳಗಿನ ಆರೂವರೆಯ ಒಳಗೆ ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇವೆ. ಕಾದ ಗಾಜಿನ ಮೇಲೆ ತಣ್ಣೀರು ಬೀಳಬಾರದು. ಸುಮಾರು 300 ಚದರ ಅಡಿ ಜಾಗ ಪ್ಯಾನೆಲ್‌ಗಳಿಗೆ ಹೋಯಿತು. ಹಪ್ಪಳ, ಶಾವಿಗೆ, ಕುರುಡಗಿ ಒಣಗಿಸುವ ಬಿಸಿಲು ಹೋಯಿತೆಂದು ನಮ್ಮ ತಾಯಿಯವರು ಮೊದಲ ಬೇಸಿಗೆಯಲ್ಲಿ ತಕರಾರು ತೆಗೆದರು. ಚೌಕಟ್ಟನ್ನು ಎತ್ತರಿಸಿದ್ದರಿಂದ ಅಡಿಯಲ್ಲಿ ನಡೆದಾಡಲು ಜಾಗ ಉಳಿದಿದೆ, ಕೆಳಗಿನ ಕೋಣೆಯೂ ಸ್ವಲ್ಪ ತಂಪಾಗಿದೆ, ಆದರೆ ನೆರಳಿನಲ್ಲಿ ಹಪ್ಪಳ ಒಣಗುವುದಿಲ್ಲ ಎಂಬ ಅವರ ವಾದಕ್ಕೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ.

ಘಟಕಕ್ಕಿಂತ ಹೆಚ್ಚು ಕಾಡಿದ್ದು ಅದನ್ನು ಕೂರಿಸಿಕೊಟ್ಟವರ ಕೆಲಸ. ಅವರ ಹೆಸರು ಇಲ್ಲಿ ಬೇಡ. ವಾಸ್ತುವನ್ನು ನಂಬುವ ನಮ್ಮ ಭಾಗದ ಬಹುತೇಕ ಮನೆಗಳಂತೆ ನಮ್ಮಲ್ಲಿಯೂ ನೀರಿನ ಟ್ಯಾಂಕು ನೈಋತ್ಯ ಮೂಲೆಯಲ್ಲಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಧ್ಯಾಹ್ನ ಎರಡರ ನಂತರ ಟ್ಯಾಂಕಿನ ನೆರಳು ಈಶಾನ್ಯದತ್ತ ಉದ್ದವಾಗುತ್ತ ಬರುತ್ತದೆ, ಅದು ನೇರವಾಗಿ ಎರಡು ಪ್ಯಾನೆಲ್‌ಗಳ ಮೇಲೆ ಬೀಳುತ್ತಿತ್ತು. ಏಪ್ರಿಲ್‌ನಲ್ಲಿ ಅಳತೆ ತೆಗೆದವರಿಗೆ ಡಿಸೆಂಬರಿನ ನೆರಳು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವ ವ್ಯವಧಾನ ಇರಲಿಲ್ಲ. ಆರೂ ಪ್ಯಾನೆಲ್‌ಗಳನ್ನು ಒಂದೇ ಸರಣಿಯಲ್ಲಿ ಜೋಡಿಸಿರುವುದರಿಂದ ಎರಡರ ಮೇಲಿನ ನೆರಳು ಇಡೀ ಸಾಲಿನ ಉತ್ಪಾದನೆಯನ್ನೇ ಕೆಡಿಸುತ್ತದೆ. ಆರು ಸಲ ಫೋನ್ ಮಾಡಿ, ಎರಡು ಸಲ ಅಂಗಡಿಗೆ ಹೋಗಿ ಕುಳಿತ ಮೇಲೆ ಜನವರಿಯ ಕೊನೆಗೆ ಬಂದು ಆ ಎರಡನ್ನು ಪೂರ್ವಕ್ಕೆ ಸರಿಸಿದರು. ಯೋಜನೆಯ ನಿಯಮದಂತೆ ಐದು ವರ್ಷ ನಿರ್ವಹಣೆ ಅಳವಡಿಸಿದವರದೇ ಹೊಣೆ. ಈ ಒಂದು ಭೇಟಿಯನ್ನು ಬಿಟ್ಟರೆ ವರ್ಷದಲ್ಲಿ ಅವರ ಮುಖ ಕಂಡಿಲ್ಲ.

ಇನ್ನೊಂದು ಸಂಗತಿಯನ್ನು ಕೊಳ್ಳುವವರಿಗೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಬ್ಯಾಟರಿಯಿಲ್ಲದ, ಊರಿನ ವಿದ್ಯುತ್ ಜಾಲವಾದ ಗ್ರಿಡ್‌ಗೆ ಜೋಡಿಸಿದ ಇಂಥ ಘಟಕ ಹೊರಗಿನ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯಬಾರದೆಂಬ ಕಾರಣಕ್ಕೆ ಇನ್ವರ್ಟರಿನಲ್ಲಿಯೇ ಈ ವ್ಯವಸ್ಥೆ ಇರುತ್ತದೆ, ಅದು ಇರಲೇಬೇಕು. ಆದರೆ ಸುಡುಬಿಸಿಲಿನ ಹನ್ನೆರಡು ಗಂಟೆಗೆ ಫ್ಯಾನು ನಿಂತಾಗ ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಏನ್ರೀ ಸರ, ಇಷ್ಟೆಲ್ಲಾ ಮ್ಯಾಲೆ ಕುಂದ್ರಿಸಿ ನಿಮ್ಮ ಮನ್ಯಾಗೂ ಕರೆಂಟ್ ಇಲ್ಲೇನ್ರಿ?" ಎಂದು ಕೇಳಿದ ದಿನ ನಿಯಮದ ತರ್ಕವನ್ನು ವಿವರಿಸುವ ಉತ್ಸಾಹ ನನಗೆ ಉಳಿದಿರಲಿಲ್ಲ.

ಇನ್ನು ದುಡ್ಡಿನ ವಿಷಯ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025–26ಕ್ಕೆ ನಿಗದಿಪಡಿಸಿದ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ; ವಿದ್ಯುತ್ ಕಂಪನಿ ನೌಕರರ ಪಿಂಚಣಿ ಸಲುವಾಗಿ ವಿಧಿಸಿದ 36 ಪೈಸೆ ಮತ್ತು ತೆರಿಗೆಯನ್ನು ಸೇರಿಸಿದರೆ ಯೂನಿಟ್ ಆರೂವರೆ ರೂಪಾಯಿಯ ಆಚೀಚೆ ಬೀಳುತ್ತಿತ್ತು. ನಮ್ಮ ವರ್ಷದ ಬಳಕೆ ಸುಮಾರು 4,700 ಯೂನಿಟ್ ಆದ್ದರಿಂದ ಮಾಳಿಗೆಯಲ್ಲಿ ಬಂದದ್ದೆಲ್ಲ ಹೆಚ್ಚುಕಡಿಮೆ ನಮ್ಮ ಬಳಕೆಯಲ್ಲಿಯೇ ವಜಾ ಆಯಿತು, ಉಳಿತಾಯ ಸುಮಾರು 28,000 ರೂಪಾಯಿ. ಆದರೆ ಮಾರಾಟಗಾರರ ಕಾಗದದಲ್ಲಿ ಇಲ್ಲದ ಒಂದು ಖರ್ಚು ಇಲ್ಲಿದೆ. ನಮ್ಮ ಮನೆಯ ಮಂಜೂರಾದ ಲೋಡು, ಎಂದರೆ ಒಮ್ಮೆಗೆ ಎಳೆಯಲು ಅನುಮತಿಯಿರುವ ಕರೆಂಟಿನ ಮಿತಿ, ಮೊದಲು ಎರಡು ಕಿಲೋವ್ಯಾಟ್ ಇತ್ತು. ಘಟಕಕ್ಕೆ ಸರಿಹೊಂದುವಂತೆ ಅದು ಮೂರಾಯಿತು. 2025–26ರಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ಇದ್ದುದರಿಂದ ವರ್ಷಕ್ಕೆ 1,740 ರೂಪಾಯಿ ಹೊಸದಾಗಿ ಹೆಗಲೇರಿತು, ಮತ್ತು ಸೂರ್ಯ ಎಷ್ಟೇ ದುಡಿದರೂ ಪ್ರತಿ ತಿಂಗಳ 435 ರೂಪಾಯಿಯ ನಿಗದಿತ ಶುಲ್ಕ ತಪ್ಪಲಿಲ್ಲ. "ಬಿಲ್ ಸೊನ್ನೆ" ಎಂಬ ಜಾಹೀರಾತಿನ ಮಾತು ಸುಳ್ಳಾಗುವುದು ಇಲ್ಲಿಯೇ. ಇದನ್ನು ಕಳೆದರೆ ನಿವ್ವಳ ಉಳಿತಾಯ ವರ್ಷಕ್ಕೆ 26,000 ರೂಪಾಯಿಗೆ ಹತ್ತಿರ, ಹಾಕಿದ ಹಣ ನಾಲ್ಕೂವರೆ ವರ್ಷದಲ್ಲಿ ಮರಳುತ್ತದೆ. ಪ್ಯಾನೆಲ್‌ಗಳಿಗೆ 25 ವರ್ಷದ ಖಾತರಿ ಇದೆ. ಇನ್ವರ್ಟರನ್ನು ನಡುವೆ ಒಮ್ಮೆಯಾದರೂ ಬದಲಿಸಬೇಕಾದೀತು. ಅದನ್ನು ಲೆಕ್ಕಕ್ಕೆ ಹಿಡಿದರೂ ಇದು ಒಳ್ಳೆಯ ಹೂಡಿಕೆಯೇ. (ನಾನು ಹಾಕಿಸಿ ಐದು ತಿಂಗಳಾದ ಮೇಲೆ, 2025ರ ಸೆಪ್ಟೆಂಬರ್ 22ರಂದು, ಸೌರ ಸಲಕರಣೆಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದು ನನ್ನ ಹಣೆಬರಹ.)

ನೀತಿಯ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. ಸಹಾಯಧನವೇ ಇರದಿದ್ದರೆ ಪೂರ್ತಿ 1,95,000 ರೂಪಾಯಿ ಏಳೂವರೆ ವರ್ಷದಲ್ಲಿ ಮರಳುತ್ತಿತ್ತು, 25 ವರ್ಷ ಬಾಳುವ ವಸ್ತುವಿಗೆ ಅದೂ ಕೆಟ್ಟ ವ್ಯಾಪಾರವಲ್ಲ. ಹಾಗಿರುವಾಗ ಸರ್ಕಾರ ಕೈ ಹಾಕಬೇಕೇಕೆ?

2024ರ ಫೆಬ್ರವರಿ 13ರಂದು ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ 75,021 ಕೋಟಿ ರೂಪಾಯಿಯದು, ಅದರ ಗುರಿ ಒಂದು ಕೋಟಿ ಮನೆಗಳು. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಅದರಾಚೆಗೆ ಏನೂ ಇಲ್ಲ. ಈ ರಚನೆಯಲ್ಲಿ ಒಂದು ವಿವೇಕವಿದೆ: ದೊಡ್ಡ ಬಂಗಲೆಯವರು ಹತ್ತು ಕಿಲೋವ್ಯಾಟ್ ಹಾಕಿಸಿದರೂ ಸಿಗುವುದು ಅದೇ 78,000. ಸಣ್ಣ ಘಟಕಕ್ಕೆ ವೆಚ್ಚದ ಹೆಚ್ಚು ಪಾಲು ಸಿಗುತ್ತದೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಸಹಾಯಧನ ಪಡೆಯದ ಮಾಳಿಗೆ ಘಟಕಗಳ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆಯಂತೆ ಕೊಡುವುದಾಗಿ ಆಯೋಗ ನಿಗದಿಪಡಿಸಿದ್ದ ಪದ್ಧತಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಅಂಥ ದರದ ಹೊರೆ ಒಪ್ಪಂದದ 25 ವರ್ಷವೂ ಉಳಿದ ಗ್ರಾಹಕರ ಬಿಲ್ಲಿನ ಮೇಲೆ ಕೂತಿರುತ್ತದೆ, ಪ್ಯಾನೆಲ್ ಬೆಲೆ ನಡುವೆ ಎಷ್ಟೇ ಇಳಿದರೂ ಹಳೆಯ ಒಪ್ಪಂದ ಇಳಿಯುವುದಿಲ್ಲ. ಒಮ್ಮೆ ಕೊಟ್ಟು ಮುಗಿಸುವ ಸಹಾಯಧನದಲ್ಲಿ ಸರ್ಕಾರಕ್ಕೆ ತನ್ನ ಖರ್ಚೆಷ್ಟೆಂದು ಮೊದಲೇ ಗೊತ್ತಿರುತ್ತದೆ.

ಆದರೆ ಈ ಹಣ ಬರುವುದು ಘಟಕ ಚಾಲೂ ಆದ ಮೇಲೆ. ಮೊದಲು ಪೂರ್ತಿ ದುಡ್ಡನ್ನು ಹೊಂದಿಸುವ ಶಕ್ತಿ ಇದ್ದವನಿಗೇ ಹೆಚ್ಚುವರಿ ಸಹಾಯ ಸಿಕ್ಕಂತಾಯಿತು. ಇದಕ್ಕೆ ಪರಿಹಾರವಾಗಿ ಯೋಜನೆಯಲ್ಲಿಯೇ ಮೂರು ಕಿಲೋವ್ಯಾಟಿನವರೆಗೆ ಭದ್ರತೆಯಿಲ್ಲದ ಸಾಲವಿದೆ. ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕಿಂತ ಅರ್ಧ ಶೇಕಡಾ ಹೆಚ್ಚು, ಆರಂಭದಲ್ಲಿ ಸುಮಾರು ಶೇಕಡಾ 7 ಬಡ್ಡಿ. ನನಗೆ ಹೆಚ್ಚು ಮಹತ್ವದ್ದಾಗಿ ಕಂಡದ್ದು ಸಹಾಯಧನಕ್ಕಿಂತ ಈ ಸಾಲ. ಲೆಕ್ಕ ಹಾಕಿ ನೋಡಿ: 1,95,000 ರೂಪಾಯಿ ಪೂರ್ತಿಯನ್ನೂ ಶೇಕಡಾ 7ರಂತೆ ಹನ್ನೆರಡು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 2,000 ರೂಪಾಯಿ, ನಮ್ಮ ನಿವ್ವಳ ಉಳಿತಾಯ ತಿಂಗಳಿಗೆ ಸುಮಾರು 2,180. ಒಂದು ರೂಪಾಯಿಯ ಸಹಾಯಧನವಿಲ್ಲದೆಯೂ, ಕೈಯಿಂದ ಏನನ್ನೂ ಹಾಕದೆಯೂ, ಉಳಿದ ಹಣದಲ್ಲಿಯೇ ಕಂತು ತೀರುತ್ತದೆ. ನಮ್ಮಂಥ ತಿಂಗಳಿಗೆ 350–400 ಯೂನಿಟ್ ಸುಡುವ ಮನೆಗೆ ಸಾಲದ ಬಾಗಿಲು ಸಲೀಸಾಗಿ ತೆರೆದರೆ ಸಾಕಾಗಿತ್ತು. ನನಗೆ ಬಂದ 78,000 ರೂಪಾಯಿ ನನ್ನ ನಿರ್ಧಾರವನ್ನು ಬದಲಿಸಲಿಲ್ಲ, ಲಾಭವನ್ನು ಹೆಚ್ಚಿಸಿತು ಎಂದು ಒಪ್ಪಿಕೊಳ್ಳುವುದಕ್ಕೆ ಸಂಕೋಚವಾದರೂ ಸತ್ಯ ಅದೇ.

ಹಾಗಾದರೆ ಸಹಾಯಧನ ನಿಜವಾಗಿ ಯಾರ ನಿರ್ಧಾರವನ್ನು ಬದಲಿಸಬಲ್ಲದು? ತಿಂಗಳಿಗೆ 120–180 ಯೂನಿಟ್ ಬಳಸುವ, ಒಂದೋ ಎರಡೋ ಕಿಲೋವ್ಯಾಟ್ ಸಾಕಾಗುವ ಸಣ್ಣ ಮನೆಗಳವರದ್ದು. ಕರ್ನಾಟಕದಲ್ಲಿ ಆ ಮನೆಗಳಿಗೆ 2023ರಿಂದ ಗೃಹಜ್ಯೋತಿ ಇದೆ: 2022–23ರ ತಮ್ಮ ಸರಾಸರಿ ಬಳಕೆಯ ಮೇಲೆ ಶೇಕಡಾ ಹತ್ತರಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ಕರೆಂಟು ಉಚಿತ. ಬಿಲ್ಲೇ ಇಲ್ಲದ ಮನೆಯವರು ಬಿಲ್ ಉಳಿಸುವ ಯಂತ್ರವನ್ನು ಸಾಲ ಮಾಡಿ ಏಕೆ ಕೊಂಡಾರು? ಗೃಹಜ್ಯೋತಿಯನ್ನು ನಾನು ಹಳಿಯುತ್ತಿಲ್ಲ, ನಮ್ಮ ಓಣಿಯಲ್ಲಿಯೇ ಅದರಿಂದ ಉಸಿರಾಡಿದ ಮನೆಗಳಿವೆ. ಆದರೆ ಕೇಂದ್ರದವರು ಮಾಳಿಗೆಯಿಂದ ತಿಂಗಳಿಗೆ 300 ಯೂನಿಟ್‌ವರೆಗೆ ಉಚಿತ ಎನ್ನುತ್ತಾರೆ, ರಾಜ್ಯದವರು ಕಂಬದಿಂದ 200 ಯೂನಿಟ್‌ವರೆಗೆ ಉಚಿತ ಎನ್ನುತ್ತಾರೆ, ಎರಡರ ನಡುವೆ ಮಾತುಕತೆಯೇ ಇಲ್ಲ. 150 ಯೂನಿಟ್ ಬಳಸುವ ಮನೆಯ ಬಿಲ್ಲನ್ನು ನಿಗದಿತ ಶುಲ್ಕವೂ ಸೇರಿ ರಾಜ್ಯ ತುಂಬಿಕೊಡುವುದು 2025–26ರ ದರದಲ್ಲಿ ವರ್ಷಕ್ಕೆ ಸುಮಾರು 13,000 ರೂಪಾಯಿ, ಅದೂ ಪ್ರತಿ ವರ್ಷ. ಅದೇ ಮನೆಯ ಮಾಳಿಗೆಯ ಮೇಲೆ 1,30,000 ರೂಪಾಯಿಯ ಎರಡು ಕಿಲೋವ್ಯಾಟ್ ಘಟಕವನ್ನು ಕೂರಿಸಿದರೆ ಕೇಂದ್ರದ ಪಾಲು 60,000 ಹೋಗಿ ಉಳಿಯುವ 70,000 ರೂಪಾಯಿ ರಾಜ್ಯದ ಐದಾರು ವರ್ಷದ ಗೃಹಜ್ಯೋತಿ ವೆಚ್ಚಕ್ಕೆ ಸಮ. ಅಲ್ಲಿಂದ ಮುಂದೆ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಬಾಡಿಗೆ ಮನೆಯವರಿಗೆ, ತಗಡಿನ ಸೂರಿನವರಿಗೆ ಇದು ಒದಗುವುದಿಲ್ಲ, ಅವರಿಗೆ ಗೃಹಜ್ಯೋತಿ ಇರಲೇಬೇಕು. ಸ್ವಂತ ಆರ್‌ಸಿಸಿ ಮಾಳಿಗೆ ಇರುವ ಸಣ್ಣ ಮನೆಗಳಿಗಾದರೂ ಎರಡು ಯೋಜನೆಗಳನ್ನು ಒಂದು ಮಾಡಬಹುದಲ್ಲ ಎಂಬುದು ನನ್ನ ವಾದ.

ಸೌರಶಕ್ತಿ ಬೇಕಾದರೆ ದೊಡ್ಡ ಪಾರ್ಕುಗಳನ್ನೇ ಕಟ್ಟಲಿ, ಮನೆಮನೆಗೆ ಹಂಚುವುದು ದುಬಾರಿ ಎಂಬ ಆಕ್ಷೇಪವನ್ನೂ ಕೇಳಿದ್ದೇನೆ. ಅದರಲ್ಲಿ ಹುರುಳಿದೆ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ಸೌರ ವಿದ್ಯುತ್ತಿನ ದರ ಯೂನಿಟ್‌ಗೆ 1 ರೂಪಾಯಿ 99 ಪೈಸೆಗೆ ಇಳಿದಿತ್ತು. ಮಾಳಿಗೆಯ ಮೇಲೆ ಆ ಬೆಲೆ ಕನಸು. ಆದರೆ 2,050 ಮೆಗಾವ್ಯಾಟಿನ ಪಾವಗಡ ಪಾರ್ಕಿಗೆ ಸುಮಾರು 13,000 ಎಕರೆ ಭೂಮಿ ಬೇಕಾಯಿತು, ಅಲ್ಲಿನ ಕರೆಂಟು ನಮ್ಮ ಫ್ಯಾನು ತಲುಪಲು ನೂರಾರು ಕಿಲೋಮೀಟರಿನ ತಂತಿ, ಉಪಕೇಂದ್ರ, ಸಾಗಣೆ ನಷ್ಟ ಎಲ್ಲವೂ ಬೇಕು. ನಮ್ಮ ಜಿಲ್ಲೆಯಲ್ಲಿಯೇ ಕೂಡಗಿಯ 2,400 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರವಿದೆ. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು, ನೀರು ಆಲಮಟ್ಟಿಯಿಂದ. ನಮ್ಮ ಮಾಳಿಗೆಯಲ್ಲಿ ಮಧ್ಯಾಹ್ನ ಮಿಕ್ಕ ಎರಡು ಯೂನಿಟ್ ಪಕ್ಕದ ಮನೆಯ ಕೂಲರಿನಲ್ಲಿಯೇ ಖರ್ಚಾಗುತ್ತದೆ, ಒಂದಿಂಚು ಹೊಲವನ್ನೂ ತಿನ್ನುವುದಿಲ್ಲ. ಬೆಲೆಯ ವ್ಯತ್ಯಾಸದಲ್ಲಿ ಒಂದು ಪಾಲು ಹೀಗೆ ಸಮವಾಗುತ್ತದೆ, ಪೂರ್ತಿ ಅಲ್ಲ.

ಪೂರ್ತಿ ಸಮವಾಗದಿರುವುದಕ್ಕೆ ದೊಡ್ಡ ಕಾರಣ ನೆಟ್ ಮೀಟರಿನ ವಜಾ ಪದ್ಧತಿ. ಮಧ್ಯಾಹ್ನ ಒಂದಕ್ಕೆ ನಾನು ಹೊರಗೆ ಕಳಿಸುವ ಯೂನಿಟ್ಟಿಗೂ ರಾತ್ರಿ ಎಂಟಕ್ಕೆ ಒಳಗೆ ಎಳೆಯುವ ಯೂನಿಟ್ಟಿಗೂ ಒಂದೇ ಬೆಲೆ. ಆದರೆ ಮಧ್ಯಾಹ್ನ ರಾಜ್ಯದಲ್ಲಿ ಸೌರ ವಿದ್ಯುತ್ತು ಯಥೇಚ್ಛವಾಗಿದೆ, ರಾತ್ರಿ ಎಂಟಕ್ಕೆ ಎಲ್ಲರ ಮನೆಯ ದೀಪ, ಟಿ.ವಿ., ಎ.ಸಿ. ಒಟ್ಟಿಗೇ ಎದ್ದಿರುತ್ತವೆ, ಆಗಿನ ಕರೆಂಟು ವಿತರಣಾ ಕಂಪನಿಗೆ ದುಬಾರಿ. ಎಂದರೆ ಗ್ರಿಡ್ಡು ನನಗೆ ಪುಕ್ಕಟೆ ಬ್ಯಾಟರಿಯಾಗಿ ದುಡಿಯುತ್ತಿದೆ, ಅದರ ಖರ್ಚನ್ನು ಮಾಳಿಗೆ ಇಲ್ಲದವರೂ ಹೊರುತ್ತಿದ್ದಾರೆ. ಮನೆಯವರು ಬಟ್ಟೆ ಒಗೆಯುವ ಯಂತ್ರವನ್ನೂ ನೀರಿನ ಮೋಟಾರನ್ನೂ ಮಧ್ಯಾಹ್ನಕ್ಕೆ ಬದಲಿಸಿದಾಗ ಬಿಲ್ಲಿನಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಆಗಲಿಲ್ಲ. ಜಾಣತನಕ್ಕೆ ಬೆಲೆಯೇ ಇಲ್ಲವೇ ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಯಾವ ಹೊತ್ತಿನಲ್ಲಿ ಎಷ್ಟು ಬಳಕೆಯೆಂದು ಲೆಕ್ಕವಿಡುವ ಸ್ಮಾರ್ಟ್ ಮೀಟರ್ ಇರುವವರಿಗೆ ಬಿಸಿಲಿನ ಹೊತ್ತಿನ ದರ ಕನಿಷ್ಠ ಶೇಕಡಾ 20ರಷ್ಟು ಕಡಿಮೆ, ಸಂಜೆಯ ದರ ಹೆಚ್ಚು ಇರಬೇಕೆಂದು ಕೇಂದ್ರ 2023ರಲ್ಲಿಯೇ ನಿಯಮ ಮಾಡಿದೆ. ಅದು ಮನೆಗಳವರೆಗೆ ನಿಜವಾಗಿ ಇಳಿದು ಬಂದ ದಿನ ನನ್ನ ನಾಲ್ಕೂವರೆ ವರ್ಷದ ಲೆಕ್ಕ ಐದೋ ಐದೂವರೆಯೋ ಆದೀತು, ಅದಕ್ಕೆ ನಾನು ತಕರಾರು ಮಾಡಲಾರೆ. ಮುಂದಿನ ಸಹಾಯಧನವನ್ನು ಪ್ಯಾನೆಲ್‌ಗಳ ಬದಲು ಸಂಜೆಯ ನಾಲ್ಕು ಗಂಟೆ ಮನೆಯನ್ನು ನಡೆಸಬಲ್ಲ ಸಣ್ಣ ಬ್ಯಾಟರಿಗೆ ಕೊಟ್ಟರೆ ಗ್ರಿಡ್ಡಿನ ಸಂಜೆಯ ಹೊರೆಯೂ ಇಳಿಯುತ್ತದೆ, ಪಕ್ಕದ ಮನೆಯವರ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.

ಕಾಗದಪತ್ರದ ವಿಷಯದಲ್ಲಿ ದೂರಿಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ಕೇಂದ್ರ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಆದ ತಿದ್ದುಪಡಿಯ ನಂತರ ಹತ್ತು ಕಿಲೋವ್ಯಾಟಿನವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯ ಅಗತ್ಯವೇ ಇಲ್ಲ, ಐದು ಕಿಲೋವ್ಯಾಟಿನವರೆಗೆ ತಂತಿ–ಟ್ರಾನ್ಸ್‌ಫಾರ್ಮರ್ ಬಲಪಡಿಸುವ ಖರ್ಚು ವಿತರಣಾ ಕಂಪನಿಯದೇ. ಸಹಾಯಧನವನ್ನು ಪ್ರೋತ್ಸಾಹವೆನ್ನುವುದಾದರೆ ಇಂಥ ನಿಯಮಗಳೂ ಪ್ರೋತ್ಸಾಹವೇ, ಖಜಾನೆಗೆ ಅಷ್ಟೇನೂ ಭಾರವಿಲ್ಲದ ಪ್ರೋತ್ಸಾಹ. ಸರ್ಕಾರ ಇನ್ನೂ ಕಠಿಣವಾಗಬೇಕಾದದ್ದು ಅಳವಡಿಸುವವರ ವಿಷಯದಲ್ಲಿ: ಸಹಾಯಧನದ ಒಂದು ಭಾಗವನ್ನು ತಡೆಹಿಡಿದು, ವರ್ಷದ ಉತ್ಪಾದನೆ ಮಾತು ಕೊಟ್ಟಷ್ಟು ಬಂದ ಮೇಲೆ ನೇರವಾಗಿ ಅವರಿಗೆ ಬಿಡುಗಡೆ ಮಾಡಿದ್ದರೆ ನಮ್ಮ ಟ್ಯಾಂಕಿನ ನೆರಳು ಮೊದಲ ದಿನವೇ ಅವರ ಕಣ್ಣಿಗೆ ಬೀಳುತ್ತಿತ್ತು.

ತಿಂಗಳ ಬಳಕೆ 250 ಯೂನಿಟ್ ಮೀರುವ, ಸ್ವಂತ ಮಾಳಿಗೆ ಇರುವ, ಇನ್ನು ಹತ್ತು ವರ್ಷ ಅದೇ ಮನೆಯಲ್ಲಿ ಇರುವವರು ಈ ಘಟಕವನ್ನು ಕಣ್ಣುಮುಚ್ಚಿ ಹಾಕಿಸಬಹುದು. ಗೃಹಜ್ಯೋತಿಯ ಮಿತಿಯೊಳಗೆ ಇರುವವರು ಈಗ ಅವಸರಪಡುವುದು ಬೇಡ. ಹಾಕಿಸುವವರು ಮುಂಗಡ ಕೊಡುವ ಮೊದಲು ಮಾಳಿಗೆಗೆ ಹೋಗಿ ಡಿಸೆಂಬರಿನ ಮಧ್ಯಾಹ್ನ ಮೂರಕ್ಕೆ ಟ್ಯಾಂಕಿನ ನೆರಳು ಎಲ್ಲಿಯವರೆಗೆ ಚಾಚುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟುಕೊಳ್ಳಲಿ. ಹಪ್ಪಳಕ್ಕೂ ಒಂದು ಮೂಲೆ ಬಿಡಲಿ.